ನವನೀತಾಳ ಕರಿಪುಡಿ

"ಏನ್ರೀ, ಮನ್ಯಾಗ ನೀರು ಬರಂಗಿಲ್ಲೇನು? ಚರಂಡಿ ನೀರು ಬಾಟಲ್ಯಾಗ ತುಂಬಾಕತ್ತೀರಿ?"

ನವನೀತಾ ತಲೆ ಎತ್ತಿದಳು. ಮಕ್ತಲ್‌ನ ಆಸ್ಪತ್ರೆಯೊಂದರ ಹಿಂದೆ, ಕುರಿಗಳ ನಡುವೆ ನಿಂತು ಹುಡುಗನೊಬ್ಬ ನಗುತ್ತಿದ್ದ. ಹೆಸರು ಮೌನೇಶ್.

ಸಿಟ್ಟು ಬರಬೇಕಾದಲ್ಲಿ ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ...

"ಇದರಾಗ ಗುಳಿಗಿ ಔಷಧ ಕರಗೈತ್ರಿ. ನಿಮ್ಮ ಕುರಿ ಇದನ್ನ ಕುಡೀತಾವು. ನಾ ಶೇಂಗಾ ಸಿಪ್ಪಿ ಸುಟ್ಟು ಇದ್ದಿಲ ಪುಡಿ ಮಾಡೀನಿ. ಅದರ ತುಂಬ ಸಣ್ಣ ಸಣ್ಣ ತೂತು. ಔಷಧ ಅದಕ್ಕ ಅಂಟಿಕೊಂತೈತಿ."

ಕೆಸರು ತಳಕ್ಕಿಳಿದು ನೀರು ತಿಳಿಯಾಗಿದ್ದ ಬಾಟಲಿಯನ್ನು ಮೌನೇಶ್ ಬಿಸಿಲಿಗೆ ಹಿಡಿದ. "ಏನೂ ಕಾಣವಲ್ದಲ್ರೀ?"

"ಕಾಣಂಗಿಲ್ಲ ಅಂದ್ರ ಇಲ್ಲಂತ ಅಲ್ಲ."

ಗದ್ವಾಲದಲ್ಲಿ ಎಂ.ಎಸ್ಸಿ. ಓದುವ ನೇಕಾರರ ಮನೆಯ ಈ ಹುಡುಗಿ ವಾರದೊಳಗೆ ಈ ಪುಡಿಯ ಪ್ರಾಜೆಕ್ಟ್ ಮುಗಿಸಬೇಕಿತ್ತು. ತೊಳೆದ ಪುಡಿ ಒಣಗಿಸಲು ಮೌನೇಶ್ ಹತ್ತಿರದ ತನ್ನ ಮನೆಯ ಮಾಳಿಗೆ ಬಿಟ್ಟುಕೊಟ್ಟ.

ಮರುದಿನ ಬಂದರೆ ಮಾಳಿಗೆ ಖಾಲಿ.

"ನನ್ನ ಪುಡಿ ಎಲ್ಲಿ?"

ಮೌನೇಶ್ ತಲೆ ತಗ್ಗಿಸಿದ.

"ತಮಾಷಿ ಮಾಡಾಕ ನನ್ನ ಓದೇ ಬೇಕಿತ್ತೇನು?"

ಇವನನ್ನು ನಂಬಿದೆನಲ್ಲ... ಕಣ್ಣು ತುಂಬಿ ಬಂತು. ತಿರುಗಿ ನಡೆದೇಬಿಟ್ಟಳು.

ಓಣಿಯ ಕಟ್ಟೆಯ ಮೇಲೆ ಕೂತ ಹೆಂಗಸರು ಅವಳನ್ನು ನೋಡಿ ನಕ್ಕರು. ಎಲ್ಲರ ಹಲ್ಲೂ ಕರ್ರಗೆ!

"ಬಾರವ್ವ," ಮೌನೇಶನ ಅವ್ವ ಸತ್ಯಮ್ಮ ಕೈ ಹಿಡಿದಳು. "ನಿನ್ನ ಹಲ್ಲುಪುಡಿ ಭಾಳ ಚಲೋ ಐತಿ. ಓಣಿಗೆಲ್ಲ ಹಂಚೀನಿ. ಇನ್ನೊಂದಿಷ್ಟು ಐತೇನು?"

ಅಳಬೇಕೋ ನಗಬೇಕೋ... ನವನೀತಾಳಿಗೆ ನಗುವೇ ಬಂತು.

ಅಷ್ಟರಲ್ಲಿ ಮೌನೇಶ್ ತಲೆಯ ಮೇಲೆ ಚೀಲ ಹೊತ್ತು ಓಡಿಬಂದ. ಅವಳ ಕಿವಿಯ ಹತ್ತಿರ ಪಿಸುಗುಟ್ಟಿದ:

"ಅವ್ವಗ ಏನೂ ಅನಬ್ಯಾಡ್ರಿ. ನೊಂದ್ಕೊಂತಾಳ. ನಸಿಕಲೇ ಶೇಂಗಾ ಮಿಲ್ಲಿಗೆ ಹೋಗಿ ಸಿಪ್ಪಿ ತಂದೀನಿ. ನೀವು ಹೇಳ್ರಿ, ನಾ ಸುಡ್ತೀನಿ."

ಅವ್ವನ ಸಲುವಾಗಿ ನನ್ನ ಬೈಗುಳ ತಿಂದನೇ...

ಇಬ್ಬರೂ ಮುಚ್ಚಿದ ಡಬ್ಬಿಯಲ್ಲಿ ಸಿಪ್ಪೆ ಸುಟ್ಟರು, ಕೆಮ್ಮಿದರು, ಒಬ್ಬರ ಮಸಿ ಮುಖ ನೋಡಿ ಇನ್ನೊಬ್ಬರು ನಕ್ಕರು.

ಕಾಲೇಜಿನಲ್ಲಿ ಪುಡಿಯ ಪರೀಕ್ಷೆ ಮುಗಿದ ದಿನವೇ ನವನೀತಾ ಮಕ್ತಲ್ ಬಸ್ಸು ಹತ್ತಿದಳು.

"ಹೋತೇನ್ರೀ ಔಷಧ?" ಮೌನೇಶ್ ಕೇಳಿದ.

"ಭಾಳಷ್ಟು ಹೋತು. ಚರಂಡಿ ಬಾಯಿಗೇ ಈ ಪುಡಿ ಇಟ್ಟು ನೋಡೋಣು ಅಂದಾರ ನಮ್ಮ ಮೇಡಂ."

ಅವನು ಕುರಿಮರಿಯ ಕಿವಿ ಸವರಿದ. "ಕಾಣಂಗಿಲ್ಲ ಅಂದ್ರ ಇಲ್ಲಂತ ಅಲ್ಲ ಅಂದಿದ್ರಿ. ನನ್ನ ಎದಿಯಾಗೂ ಒಂದೈತ್ರಿ, ಮೊದಲ ದಿನದಿಂದ. ಅದನ್ನ ಮಾತ್ರ ತೆಗೀಬ್ಯಾಡ್ರಿ."

ನವನೀತಾಳ ಕೆನ್ನೆ ಕೆಂಪಾಯಿತು. "ನಿಮ್ಮವ್ವ ಏನಂತಾರ?"

"ಸೊಸಿ, ಹಲ್ಲುಪುಡಿ ಎರಡೂ ಬರ್ತಾವಂದ್ರ ಬ್ಯಾಡ ಅನ್ನಾಕ ನನಗೇನು ಹುಚ್ಚೇನು ಅಂದ್ಲು."

ಅವಳು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಆಮೇಲೆ ಮೆಲ್ಲಗೆ ಅಂದಳು:

"ಹಂಗಾದ್ರ ಇನ್ನೊಂದು ಚೀಲ ಸಿಪ್ಪಿ ತಗೊಂಬಾ, ಮೌನೇಶಾ."