ಮೂರನೇ ಹಾಸಿಗೆಯ ಗಾದ್ರಮ್ಮ

ಗಾದ್ರಮ್ಮ ತೀರಿಕೊಂಡ ದಿನವೇ ಆಕೆಯ ರಕ್ತದ ವರದಿ ಸಿದ್ಧವಾಯಿತು. ಅದರಲ್ಲಿ ಕಂಡ ಬ್ಯಾಕ್ಟೀರಿಯಾ ಲ್ಯಾಬಿನ ಗಂಗೋತ್ರಿಗೆ ಹೊಸದಲ್ಲ. ಅದೇ ವಾರ ಐಸಿಯುನ ಇನ್ನಿಬ್ಬರ ರಕ್ತದಲ್ಲೂ ಅದೇ ಇತ್ತು. ಅವರೂ ಸತ್ತಿದ್ದರು.

ಕೊರೊನಾ ಎರಡನೇ ಅಲೆಯ ಮೇ ತಿಂಗಳು. ಜಗಳೂರಿನ ಗಂಗೋತ್ರಿ ಹೊನ್ನಾಳಿಯ ಸಣ್ಣ ಖಾಸಗಿ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಸತ್ತ ಮೂವರೂ ಕೊರೊನಾದಿಂದ ಚೇತರಿಸಿಕೊಳ್ಳುತ್ತಿದ್ದವರು. ಅವರನ್ನು ಕೊಂದದ್ದು ಕೊರೊನಾ ಅಲ್ಲ. ಐಸಿಯು ಒಳಗೇ ತಗುಲಿದ ಬೇರೊಂದು ಸೋಂಕು.

ಎಲ್ಲಿಂದ ಬಂತು? ಹಿರಿಯ ನರ್ಸ್ ಲಕ್ಷ್ಮಿದೇವಿ ಗಾದ್ರಮ್ಮನ ಮಗ ಪರಶುರಾಮನತ್ತ ಬೆರಳು ತೋರಿಸಿದಳು. ಭಾನುವಾರ ಯಾರು ತಡೆದರೂ ಕೇಳದೆ ಅವನು ಐಸಿಯು ಒಳಗೆ ನುಗ್ಗಿ ತಾಯಿಯ ಕೈ ಹಿಡಿದು ಕೂತಿದ್ದ. ನಿನ್ನಿಂದಲೇ ಹೀಗಾಯಿತು ಎಂದು ಅವನೆದುರೇ ಹೇಳಿಬಿಟ್ಟಿದ್ದಳು.

ತಾಯಿಯ ಕ್ರಿಯೆ ಮುಗಿದರೂ ಪರಶುರಾಮ್ ದಿನಾ ಸಾಸ್ವೆಹಳ್ಳಿಯಿಂದ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂರುತ್ತಿದ್ದ.

"ಸೋಪು ಹಚ್ಚಿ ಕೈ ತೊಳ್ಕಂಡೇ ಹೋಗಿದ್ದೆ ಮೇಡಂ," ಎಂದ ಗಂಗೋತ್ರಿಗೆ. "ಸಾಕಾಗಲಿಲ್ಲೇನು?"

*

ಗಂಗೋತ್ರಿ ಲ್ಯಾಬ್ ದಾಖಲೆಯ ತಾರೀಖು ನೋಡಿದಳು. ಸತ್ತ ಮೂವರಲ್ಲಿ ಮೊದಲನೆಯವರ ರಕ್ತ ಲ್ಯಾಬಿಗೆ ಬಂದದ್ದು ಶುಕ್ರವಾರ. ಪರಶುರಾಮ್ ಬಂದದ್ದು ಎರಡು ದಿನ ಬಿಟ್ಟು, ಭಾನುವಾರ. ಅವನಲ್ಲ.

ಹಾಸಿಗೆ ಒರೆಸುವ ದುರುಗಪ್ಪನೇ? ಅವನು ಐಸಿಯುನ ನಾಲ್ಕೂ ಹಾಸಿಗೆ ಮುಟ್ಟುತ್ತಿದ್ದ. ನಾಲ್ಕನೆಯ ಹಾಸಿಗೆಯ ಉಚ್ಚಂಗೆಪ್ಪನಿಗೆ ಮಾತ್ರ ಏನೂ ಆಗಿರಲಿಲ್ಲ.

ಅವಳು ಪಿಪಿಇ ಕಿಟ್ ಹಾಕಿಕೊಂಡು ಒಳಗೆ ನಿಂತಳು. ಈಗ ಹೊಸ ರೋಗಿಗಳಿದ್ದ ಮೂರು ಹಾಸಿಗೆಗಳಲ್ಲಿ ಆಕ್ಸಿಜನ್ ನೀರಿನ ಬಾಟಲಿಯೊಳಗೆ ಗುಳುಗುಳು ಎಂದು ತೇವವಾಗಿ ಮೂಗಿಗೆ ಹೋಗುತ್ತಿತ್ತು. ಉಚ್ಚಂಗೆಪ್ಪನ ಬಾಟಲಿ ಮೊದಲಿನಿಂದಲೂ ಒಡೆದಿತ್ತು. ಅವನಿಗೆ ಒಣ ಗಾಳಿಯೇ ಗತಿ. ಮೂಗು ಉರಿಯುತ್ತದೆ ಎಂದು ದಿನವೂ ಗೊಣಗುತ್ತಿದ್ದ.

ಬಾಟಲಿಗಳನ್ನು ಕಳಚಿಸಿ ನೀರನ್ನು ಪರೀಕ್ಷೆಗಿಟ್ಟಳು. ಮೂಲೆಯಲ್ಲಿದ್ದ ಕುಡಿಯುವ ನೀರಿನ ಕ್ಯಾನಿನಿಂದಲೂ ಸ್ವಲ್ಪ ತೆಗೆದಳು. ಎರಡು ದಿನಕ್ಕೆ ಎಲ್ಲದರಲ್ಲೂ ಅದೇ ಬ್ಯಾಕ್ಟೀರಿಯಾ ಬೆಳೆಯಿತು.

ಈ ಬಾಟಲಿಗೆ ಹಾಕಬೇಕಾದ, ರೋಗಾಣು ಇಲ್ಲದಂತೆ ಶುದ್ಧೀಕರಿಸಿದ ನೀರು ಹದಿನೈದು ದಿನದ ಹಿಂದೆಯೇ ಮುಗಿದಿತ್ತು. ಆದರೂ ರಿಜಿಸ್ಟರ್‌ನಲ್ಲಿ ಪ್ರತಿದಿನ 'ಶುದ್ಧ ನೀರು ಬದಲಿಸಿದೆ' ಎಂದಿತ್ತು. ಕೆಳಗೆ ಲಕ್ಷ್ಮಿದೇವಿಯ ಸಹಿ.

*

ಗಂಗೋತ್ರಿ ರಿಜಿಸ್ಟರ್ ತೆರೆದು ಮುಂದಿಟ್ಟಳು. ಲಕ್ಷ್ಮಿದೇವಿ ತನ್ನ ಸಹಿ ನೋಡಿದಳು. ಹೊಸ ಸ್ಟಾಕ್ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತಲೇ ದಿನ ಕಳೆದಿದ್ದವು. ರೋಗಿಗಳು ಮೂಗಿನ ಉರಿಗೆ ಅಳುತ್ತಿದ್ದರು.

"ಕ್ಯಾನಿನ ನೀರು ಹಾಕ್ದೆ. ನಾವೂ ಕುಡಿಯೋ ನೀರಲ್ವಾ, ಏನಾಗ್ತೈತೆ ಅನ್ಕಂಡೆ," ಎಂದಳು.

ಕುಡಿದ ನೀರು ಹೊಟ್ಟೆಗೆ ಹೋಗುತ್ತದೆ. ಈ ನೀರಿನ ತೇವ ಮೊದಲೇ ಸೋತ ಶ್ವಾಸಕೋಶಕ್ಕೆ ಇಳಿದಿತ್ತು.

"ಪರಶುರಾಮ್‌ಗೆ ಬೈದಾಗ ಗೊತ್ತಿತ್ತಾ ಸಿಸ್ಟರ್?"

"ಅನುಮಾನ ಇತ್ತು." ಲಕ್ಷ್ಮಿದೇವಿ ರಿಜಿಸ್ಟರ್ ಮುಚ್ಚಿದಳು. "ಬೇರೆ ಯಾರಾದ್ರೂ ಆಗಿರ್ಲಿ ಅಂತ ಆಸೆ ಇತ್ತು."

ಗಂಗೋತ್ರಿಯ ವರದಿ ಜಿಲ್ಲಾ ಆರೋಗ್ಯಾಧಿಕಾರಿಗೆ ಹೋಗುವ ಮೊದಲೇ ಲಕ್ಷ್ಮಿದೇವಿ ಮೆಟ್ಟಿಲಿಗೆ ಹೋದಳು. ಪರಶುರಾಮನೆದುರು ನಿಂತು ಎಲ್ಲವನ್ನೂ ಹೇಳಿದಳು. ಅವನು ಎದ್ದು ನಿಂತ.

"ಹಂಗಾದ್ರೆ ನನ್ನಿಂದ ಅಲ್ವಾ?"

"ನಿನ್ನಿಂದ ಅಲ್ಲ ತಮ್ಮಾ. ನನ್ನಿಂದ."

ಅವನು ಆಕೆಯನ್ನು ಬೈಯಲಿಲ್ಲ. ಮುಖ ಮುಚ್ಚಿಕೊಂಡ. ತಾಯಿ ಸತ್ತ ಮೇಲೆ ಮೊದಲ ಬಾರಿಗೆ, ತಾಯಿಗಾಗಿ ಅತ್ತ.