ಮೋಡದ ಬಣ್ಣದ ಬುಗುರಿ

ಆಗಸ್ಟ್ 8, ಶುಕ್ರವಾರ, ಮಧ್ಯಾಹ್ನ 3.10. ರಾಮತೀರ್ಥ ನಗರದಲ್ಲಿ ಆಟಿಕೆ ತಯಾರಿಸುವ ಶೆಡ್ಡಿನ ಮಾಲೀಕ ಅಮ್ಜದ ಠಾಣೆಗೆ ಬಂದಾಗ ಅವನ ಕೈಯಲ್ಲಿ ಫಿರ್ಯಾದು ಅರ್ಜಿಯ ಜೊತೆ ಒಂದು ಬಿಳಿ ಪ್ಲಾಸ್ಟಿಕ್ ಬುಗುರಿಯೂ ಇತ್ತು.

"ಏನ್ ಕಳವಾಗೇತ್ರಿ?" ಪಿಎಸ್‌ಐ ರಾಧಿಕಾ ಕೇಳಿದಳು.

"ಕೈಲೆ ಒತ್ತೋ ಸಣ್ಣ ಮಷೀನ್ರಿ. ಪ್ಲಾಸ್ಟಿಕ್ ಕಾಳು ಕರಗಿಸಿ ಅಚ್ಚಿಗೆ ಇಳಸ್ತೈತಿ. ಬುಗುರಿ ಅಚ್ಚೂ ಹೋಗೇತಿ. ನಮಾಜಿಗೆ ಹೋಗಿ ಬರೂದ್ರಾಗ."

"ಶೆಡ್ಡಿನ್ಯಾಗ ಬ್ಯಾರೆ ಮಷೀನಿಲ್ಲೇನು?"

"ದೊಡ್ಡದೊಂದೈತ್ರಿ, ಅದನ್ನ ಮುಟ್ಟಿಲ್ರಿ. ಸಣ್ಣದನ್ನ ಸೋಮವಾರ ಗುಜರಿಗೆ ಹಾಕಾಂವಿದ್ನಿ. ಗುಜರಿ ಆದ್ರೂ ನಂದಲ್ಲೇನ್ರೀ!"

ದೊಡ್ಡದನ್ನು ಬಿಟ್ಟು ಗುಜರಿಯ ಮಾಲು ಹೊತ್ತೊಯ್ದ ಪುಣ್ಯಾತ್ಮನನ್ನು ರಾಧಿಕಾ ಇದುವರೆಗೆ ಕಂಡಿರಲಿಲ್ಲ. ಎಫ್‌ಐಆರ್ ಬರೆಸಿ, ಬುಗುರಿಯನ್ನು ಮೇಜಿನ ಮೇಲೆ ತಿರುಗಿಸಿದಳು. ಅದು ತಿರುಗುತ್ತ ತಿರುಗುತ್ತ ನಿಂತಂತೆ ಕಂಡಿತು. ಠಾಣೆಯ ಗದ್ದಲ ಎಲ್ಲೋ ದೂರಕ್ಕೆ ಸರಿದುಹೋಯಿತು. ಎತ್ತಿಕೊಂಡಾಗ ಬೆರಳಿಗೆ ಕೂದಲೆಳೆಯಷ್ಟು ಗೀರು ತಾಗಿತು.

"ಅಚ್ಚು ಕೊರಿಯೋವಾಗ ಕಲಂದರ ಮಿಸ್ತ್ರಿ ಕೈ ಜಾರೇತ್ರಿ. ಎಲ್ಲಾ ಬುಗುರಿಗೂ ಬರತೈತಿ," ಎಂದ ಅಮ್ಜದ. "ಅಂವ ತೀರಿಕೊಂಡು ವರ್ಷಾತು. ಮಗಳು ನಿಖತ ಅದೇ ಮಷೀನಿನ ಮ್ಯಾಲೆ ಕೆಲಸಕ್ಕದಾಳ."

ಶೆಡ್ಡಿನ ಬೀಗ ಮುರಿದಿರಲಿಲ್ಲ. ಇನ್ನೊಂದು ಕೀಲಿ ಇಟ್ಟುಕೊಂಡಿದ್ದ ನಿಖತ ಅಂದು ರಜೆ ಹಾಕಿದ್ದಳು. ಅವಳ ತವರು ಖಾನಾಪುರ ತಾಲೂಕಿನ ಬೀಡಿ ಗ್ರಾಮ.

ಮರುದಿನ 11.20ಕ್ಕೆ ವಿಚಾರಿಸಲು ಕಳಿಸಿದ್ದ ಹವಾಲ್ದಾರ ಬಂಡೆಪ್ಪನ ಫೋನು ಬೀಡಿಯಿಂದ ಬಂತು.

"ಮೇಡಂ, ಓಣಿ ತುಂಬ ಮಕ್ಕಳು ಬುಗುರಿ ಆಡಾಕತ್ತಾವ್ರಿ. ಬಿಳಿಯೊಳಗ ನೀಲಿ. ಒಳಗ ಮೋಡ ಕುಂತಂಗ ಐತಿ. ಒಂದರಂಗ ಇನ್ನೊಂದಿಲ್ಲ."

"ಗೀರು?"

"ಐತ್ರಿ."

ರಾಧಿಕಾ ಅಮ್ಜದನನ್ನು ಕೇಳಿದಳು. ಅವನು ವಿವರಿಸಿದ: ಯಂತ್ರದಲ್ಲಿ ಬಣ್ಣ ಬದಲಿಸಿದಾಗ ಹಳೆಯದು ಹೊಸದು ಬೆರೆತು ಮೊದಲ ಕೆಲವು ಹೀಗೇ ಬರುತ್ತವೆ. ಅವನ್ನು ಶೆಡ್ಡಿನಲ್ಲೇ ಒಡೆದು ಮತ್ತೆ ಕರಗಿಸುತ್ತಾರೆ, ಒಂದೂ ಹೊರಗೆ ಹೋಗುವುದಿಲ್ಲ. ಹಾಗಾದರೆ ಯಂತ್ರ ಬೀಡಿಯಲ್ಲೇ ಇದೆ ಎಂದು ರಾಧಿಕಾ ಜೀಪು ಹತ್ತಿದಳು.

1.45ಕ್ಕೆ ಊರಿನ ಚನ್ನಬಸಯ್ಯ, ರಾಯಪ್ಪ ಇಬ್ಬರ ಸಮಕ್ಷಮ ಪಂಚನಾಮೆ ಶುರುವಾಯಿತು. ಯಂತ್ರ ನಿಖತಳ ತವರಿನ ನಡುಮನೆಯಲ್ಲೇ ಇತ್ತು, ಮೇಲೆ ಒಗೆದ ದುಪಟ್ಟಾ ಹೊದಿಸಲಾಗಿತ್ತು. ಪಕ್ಕದಲ್ಲಿ ಬಸ್ಸಿನ ಲಗೇಜ್ ಟಿಕೀಟು. ಕದ್ದ ಮಾಲಿಗೂ ಟಿಕೀಟು ತೆಗೆಸಿದ ಕಳ್ಳಿ! ರಾಧಿಕಾ ನಗು ನುಂಗಿಕೊಂಡಳು.

"ಯಾಕ ತಗೊಂಡ್ರಿ, ನಿಖತ?"

"ನಮ್ಮ ಅಬ್ಬಾ ಕೈಲೆ ಕೊರೆದ ಅಚ್ಚು ಅದು, ಮೇಡಂ. ಗುಜರಿಯಾಗ ಕರಗಿಸಿದ್ರ ಆ ಗೀರು ಸೈತ ಉಳಿಯೂದಿಲ್ಲ."

"ಬಣ್ಣ ಬೆರಕಿ ಆದವನ್ನ ಮಕ್ಕಳಿಗೆ ಯಾಕ ಕೊಟ್ರಿ? ಅದರಿಂದನ ಸಿಕ್ಕಿರಿ."

"ಒಡ್ಯಾಕ ಮನಸಾಗ್ಲಿಲ್ರಿ."

ಯಂತ್ರ ಚಾಲ್ತಿಯಲ್ಲಿದೆಯೇ ಎಂದು ಪಂಚರ ಮುಂದೆ ನೋಡಬೇಕಿತ್ತು. ಹಿಡಿಕೆಯನ್ನು ನಿಖತಳೇ ಎಳೆದಳು. ಅಚ್ಚು ಬಿಚ್ಚಿದಾಗ ಬಿಸಿ ಬುಗುರಿಯೊಂದು ರಾಧಿಕಾಳ ಅಂಗೈಗೆ ಬಂತು. ನೀಲಿಯೊಳಗೆ ಇನ್ನೂ ಒಂದೆಳೆ ಬಿಳಿ ತೇಲುತ್ತಿತ್ತು. ಅದಕ್ಕೂ ಚೀಟಿ ಅಂಟಿಸಿ ಸೀಲು ಮಾಡಲಾಯಿತು.

3.30ಕ್ಕೆ ಬಂಧನ. ಜೀಪಿನ ಬಳಿ ನಿಖತ ನಿಂತಳು.

"ಸೋಮವಾರ ಗುಜರಿಗೆ ಹೋಗತೈತೇನ್ರಿ?"

"ಹೆಂಗ್ ಹೋಗತೈತಿ? ಈಗ ಕೇಸಿನ ಸಾಕ್ಷಿ, ಮುದ್ದೆಮಾಲು ಆತಲ್ಲ. ಕೋರ್ಟ್ ಹೇಳೂಮಟ ಯಾರೂ ಕರಗಿಸೂಹಂಗಿಲ್ಲ."

ನಿಖತ ಮೊದಲ ಸಲ ನಕ್ಕಳು, ತಾನಾಗಿಯೇ ಜೀಪು ಹತ್ತಿ ಕುಳಿತಳು.

ಆ ಸಂಜೆ ಕೇಸ್ ಡೈರಿಯಲ್ಲಿ ಕೃತ್ಯದ ಕಾರಣದ ಮುಂದೆ ರಾಧಿಕಾ ಬರೆದಳು: ತಂದೆಯ ಕೈಗುರುತು ಉಳಿಸಿಕೊಳ್ಳುವ ಸಲುವಾಗಿ.