ಖಾಲಿ ಲಾರಿಯ ಹೊಗೆ

ಲಾರಿಗಳ ಹೊಗೆ ಲೆಕ್ಕದ ಹಾಳೆಯ ಮೇಲಿನ ಸೈನ್ ಅವನದೇ ಎಂದು ಗೊತ್ತಿದ್ದರೂ ಅವಳು ಕೇಳಿದಳು. "ಇದು ನೀವೇ ಹಾಕಿದ್ದಾ?"

"ಹೌದು," ಎಂದ ಯಾರ್ಡ್ ಮ್ಯಾನೇಜರ್. ಕಣ್ಣೆತ್ತಲಿಲ್ಲ.

ಸರಕು ಸಾಗಿಸುವ ಕಂಪನಿಗಳು ಇಷ್ಟು ದಿನ ತಮ್ಮ ಲಾರಿಗಳ ಹೊಗೆಯನ್ನು ತಮಗೆ ತೋಚಿದ ಹಾಗೆ ಅಳೆಯುತ್ತಿದ್ದವು. ಈಗ ಎಲ್ಲರಿಗೂ ಒಂದೇ ಅಳತೆ ಬಂದಿತ್ತು. ಅದನ್ನು ಪರಿಶೀಲಿಸಲು ಬಂದಿದ್ದ ಅವಳನ್ನು ಡ್ರೈವರುಗಳು 'ಹೊಗೆ ಮೇಡಂ' ಎನ್ನುತ್ತಿದ್ದರು; ಆ ಗುಟ್ಟು ಹೇಳಿ ಅವಳನ್ನು ನಗಿಸಿದವನು ಇವನೇ. ಮೂರು ವಾರ ಲಾರಿಗಳ ಸಾಲಿನ ನಡುವೆ ಜೊತೆಯಾಗಿ ನಡೆದಿದ್ದರು. ಅವಳು ಮೀಟರ್ ಓದುವಾಗ ಅವನು ಅವಳ ಮುಖ ಓದುತ್ತಿದ್ದ. ಸಿಕ್ಕಿಬಿದ್ದರೆ ಟೈರ್ ನೋಡುವವನಂತೆ ಬಗ್ಗಿಬಿಡುತ್ತಿದ್ದ.

ಇವತ್ತು ಆ ಆಟವಿರಲಿಲ್ಲ. ನಲವತ್ತು ಲಾರಿಗಳು ಸರಕು ಇಳಿಸಿ ಖಾಲಿ ಮರಳಿದ ದಾರಿಯೇ ಲೆಕ್ಕದಲ್ಲಿರಲಿಲ್ಲ. ಹೊಸ ಅಳತೆಯಲ್ಲಿ ಅದೂ ಸೇರಬೇಕು. ಸೇರಿಸಿದರೆ ಹೊಗೆಯ ಅಂಕಿ ಏರುತ್ತದೆ, ದೊಡ್ಡ ಗಿರಾಕಿ ಕೈಬಿಡಬಹುದು. ಕಂಪನಿ ಅವನ ಅಕ್ಕನದು. ತಾಯಿ ಹೋದ ಮೇಲೆ ಅವನನ್ನು ಸಾಕಿ ಬೆಳೆಸಿದ್ದೂ ಆ ಅಕ್ಕನೇ.

ಮರಳಿದ ಟ್ರಿಪ್ಪುಗಳ ಡೀಸೆಲ್ ಚೀಟಿಗಳು ಮಧ್ಯಾಹ್ನದೊಳಗೆ ಬರದಿದ್ದರೆ ವರದಿಯಲ್ಲಿ ಸುಳ್ಳು ಲೆಕ್ಕವೆಂದೇ ಬರೆಯುತ್ತೇನೆ ಎಂದು ಅವಳು ಅವನಿಗೆ ಹೇಳಿದಳು. ಅವನು ಎದ್ದುಹೋದ.

ಇಂಥವನನ್ನು ನಂಬಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ವರದಿ ಬರೆಯಲು ಕೂತರೆ ಒಂದು ಸಾಲೂ ಮುಂದೆ ಹೋಗಲಿಲ್ಲ. ಚೀಟಿ ಬರದಿದ್ದರೂ ಅವನನ್ನು ಉಳಿಸುವ ದಾರಿ ಇದೆಯೇ ಎಂದು ತಾನು ನಿಯಮದ ಹಾಳೆಗಳನ್ನು ತಿರುವುತ್ತಿದ್ದೇನೆ ಎಂದು ಹೊಳೆದಾಗ ಅವುಗಳನ್ನು ಮುಚ್ಚಿಟ್ಟಳು.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಅವನು ಎರಡು ಡಬ್ಬ ಚೀಟಿ ಹೊತ್ತು ಬಂದ. ಬೆನ್ನಿಗೇ ಅಕ್ಕ. ಬೇರೆ ಯಾರೂ ಬರೆಯದ್ದನ್ನು ನಾವೇ ಯಾಕೆ ಬರೆಯಬೇಕೆಂದು ದಾರಿಯುದ್ದಕ್ಕೂ ಬೈದುಕೊಂಡು ಬಂದಿದ್ದಳು.

"ಯಾರಿಗೋಸ್ಕರ ಇದೆಲ್ಲ ಅಂತ ನಂಗೆ ಗೊತ್ತಾಗಲ್ವಾ?"

"ಇವರಿಗೋಸ್ಕರ ಅಂತಲೇ ಇಟ್ಕೋ ಅಕ್ಕ. ಆದ್ರೆ ಲಾರಿ ಖಾಲಿ ಬಂದ್ರೂ ಡೀಸೆಲ್ ಉರಿಯುತ್ತಲ್ಲ. ನೀನು ಹೇಳಿದೆ ಅಂತ ಕಣ್ಮುಚ್ಚಿ ಸೈನ್ ಹಾಕಿದ್ದು ನನ್ನ ತಪ್ಪು."

ಅಕ್ಕ ಇಬ್ಬರನ್ನೂ ಒಮ್ಮೆ ನೋಡಿದಳು. ಇನ್ನು ಗಿರಾಕಿಗೆ ಮುಖ ತೋರಿಸಬೇಕಾದವಳು ನಾನಲ್ಲವೇ ಎಂದು ಗೊಣಗುತ್ತ ಹೊರಟುಹೋದಳು.

ಡಬ್ಬಗಳನ್ನು ಅವಳು ಮುಟ್ಟಲಿಲ್ಲ. ಮೇಲಧಿಕಾರಿಗೆ ಫೋನ್ ಮಾಡಿ, ಈ ಫೈಲನ್ನು ಬೇರೆಯವರಿಗೆ ಒಪ್ಪಿಸಿ ಎಂದಳು. ಅವನು ಡಬ್ಬಗಳನ್ನು ಅವಳತ್ತ ಸರಿಸಿದ.

"ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ವಾ?"

"ನನ್ನ ಮೇಲೆ ನಂಗಿಲ್ಲ. ಬೆಳಗ್ಗೆಯಿಂದ ನಿಮ್ಮನ್ನ ಉಳಿಸೋಕೆ ದಾರಿ ಹುಡುಕ್ತಿದ್ದೆ. ಅಳೆಯೋಕೆ ಬಂದೋಳು ಹಾಗೆ ಮಾಡಬಾರದು."

"ಹಾಗಾದ್ರೆ ನಾಳೆಯಿಂದ ಬರಲ್ಲ?"

"ಕೆಲಸಕ್ಕೆ ಬರಲ್ಲ. ಕರೆದ್ರೆ ಬರ್ತೀನಿ."

ಅವನು ಕರೆದ. ಮೊದಲ ಸಲ, ಹೆಸರು ಹಿಡಿದು.